ಆಯಿ ಗಂಟಿನ ಎರಡು ರೂಪಾಯಿ

ಮೂಡಲಗಿ ತಾಲೂಕಿನ ಒಂದು ಹಳ್ಳಿ, ಘಟಪ್ರಭಾ ನದಿಯ ದಂಡೆ. ಕಬ್ಬಿನ ಬಾಕಿ ಬಿಲ್ಲಿನ ಬಗ್ಗೆ ಮಾತಾಡಿಸಲು ನಾವು ಒಂದು ಮನೆಗೆ ಹೋಗಿದ್ದೆವು. ಮಾತು ಮುಗಿದು ಚಹಾ ಬಂತು. ಅಷ್ಟರಲ್ಲಿ ಆ ಮನೆಯ ಮೊಮ್ಮಗ ಫೋನ್ ಹಿಡಿದು ನಮ್ಮ ಹತ್ತಿರ ಬಂದ.

"ಅಣ್ಣಾರ, ನೀವು ಪೇಪರಿನವರಲ್ರಿ? ಇದು ಖರೇ ಐತೇನ್ ಒಂದೀಟು ನೋಡ್ರಿ."

ಅದೊಂದು ವಿಡಿಯೊ. ರಾಣಿ ಚಿತ್ರದ ಬೆಳ್ಳಿ ರೂಪಾಯಿಯನ್ನು ಯಾರೋ ಕೈಯಲ್ಲಿ ಹಿಡಿದಿದ್ದಾರೆ. ಇಂಥದ್ದು ನಿಮ್ಮ ಮನೆಯಲ್ಲಿದ್ದರೆ 10 ಲಕ್ಷ ಕೊಡುತ್ತೇವೆ ಎನ್ನುತ್ತಿದ್ದಾರೆ. ಹುಡುಗ ಆ ನಂಬರಿಗೆ ಫೋನ್ ಮಾಡಿದ್ದ. ಮೊದಲು 2,500 ರೂಪಾಯಿ ನೋಂದಣಿ ಫೀ ಹಾಕು ಅಂದಿದ್ದರಂತೆ. ಇನ್ನೂ ಹಾಕಿರಲಿಲ್ಲ. ಆದರೆ ಫೋಟೊ ಚೆನ್ನಾಗಿ ಬರಲಿ ಎಂದು ನಾಣ್ಯ ತಿಕ್ಕಲು ಒಂದು ಬಟ್ಟಲಲ್ಲಿ ಹುಣಸೆಹಣ್ಣು ನೆನೆ ಹಾಕಿದ್ದ.

ಅವನ ಅಜ್ಜಿಯನ್ನು ಮನೆಯವರೆಲ್ಲ ಆಯಿ ಅನ್ನುತ್ತಾರೆ. ನಾವೂ ಹಾಗೇ ಕರೆದೆವು. ಆಯಿ ದೇವರ ಜಗಲಿಯಿಂದ ಒಂದು ಅರಿವೆ ಗಂಟು ತಂದು ಬಿಚ್ಚಿದರು. ಒಳಗೆ ಎರಡು ಬಂದಾ ರೂಪಾಯಿ.

ಒಂದು 1918ರದ್ದು. ಐದನೆಯ ಜಾರ್ಜ್ ರಾಜನ ಮೀಸೆಯ ಕೂದಲು ಕೂದಲೂ ಕಾಣುತ್ತಿತ್ತು. ಇನ್ನೊಂದು 1862ರದ್ದು. ಅದರ ಮೇಲೆ ವಿಕ್ಟೋರಿಯಾ ರಾಣಿ ಇದ್ದಳು ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು. ಮುಖ ನುಣ್ಣಗಾಗಿ ನೆರಳಿನ ಹಾಗೆ ಉಳಿದಿತ್ತು. ಮೇಲಿನ ಅಂಚಿನಲ್ಲಿ ಕೊಂಡಿ ಮುರಿದ ಬೆಸುಗೆಯ ಕಲೆ.

"ಯಾವುದಕ್ಕ ಜಾಸ್ತಿ ರೊಕ್ಕ ಬರತೈತ್ರಿ?" ಅಂತ ಹುಡುಗ ಕೇಳಿದ.

ಹೊಸದರಂತೆ ಇರುವುದಕ್ಕೆ ಎಂದೆವು. ಆಯಿ ನಕ್ಕು ಸವೆದದ್ದನ್ನು ಎತ್ತಿ ಮುಷ್ಟಿಯೊಳಗೆ ಇಟ್ಟುಕೊಂಡರು. "ಅದನ್ನ ಬೇಕಾದ್ರ ಒಯ್ರಿ. ಇದನ್ನ ಮಾತ್ರ ನಾ ಕೊಡಾಂಗಿಲ್ಲ."

ಊರಿಗೆ ವಾಪಸ್ ಬರುವಾಗ ನಮ್ಮ ತಲೆಯಲ್ಲಿ ಅದೇ ಪ್ರಶ್ನೆ. ನಾಣ್ಯ ಕೂಡಿಡುವವರು ಹೊಳೆಯುವುದನ್ನೇ ಯಾಕೆ ಬಯಸುತ್ತಾರೆ? ಸವೆದದ್ದಕ್ಕೆ ಬೆಲೆ ಇಲ್ಲ ಅನ್ನುವುದು ಎಷ್ಟು ನಿಜ? ಉತ್ತರ ಹುಡುಕುತ್ತ ಹೋದರೆ ಅದು ನಮ್ಮ ಗೋಕಾಕಿನಿಂದಲೇ ಶುರುವಾಯಿತು.

ಗೋಕಾಕಿನ ಹೆಸರಿನ ರೂಪಾಯಿ

ಗೋಕಾಕ ಅಂದರೆ ಫಾಲ್ಸ್, ಕರದಂಟು, ಕಟ್ಟಿಗೆ ಬೊಂಬೆ, ಮಿಲ್ಲು. ಇಲ್ಲಿ ಒಂದು ಕಾಲಕ್ಕೆ ರೂಪಾಯಿಯೂ ಅಚ್ಚಾಗುತ್ತಿತ್ತು ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ.

ಮೊಘಲರ ಕಾಲದಲ್ಲಿ ಬೆಳಗಾವಿಗೆ ಆಜಂನಗರ ಎಂಬ ಹೆಸರಿತ್ತು. ಆಮೇಲೆ ಮರಾಠರ ಆಡಳಿತದಲ್ಲಿ 'ಆಜಂನಗರ ಗೋಕಾಕ' ಎಂಬ ಟಂಕಸಾಲೆಯ ಹೆಸರಿನಲ್ಲಿ ಬೆಳ್ಳಿ ರೂಪಾಯಿಗಳು ಬಂದವು. ಅವುಗಳ ಮೇಲಿನ ಲಿಪಿ ಪರ್ಷಿಯನ್, ಹೆಸರು ದೂರದ ದಿಲ್ಲಿಯ ಬಾದಶಹನದು. ಆಳುವವರು ಬದಲಾಗಿದ್ದರೂ ಸಂತೆಯಲ್ಲಿ ಜನ ನಂಬುತ್ತಿದ್ದದ್ದು ಹಳೇ ರೂಪದ ರೂಪಾಯಿಯನ್ನೇ. ಇದೇ ಘಟಪ್ರಭೆಯ ಕೆಳದಂಡೆಯ ಬಾಗಲಕೋಟೆಯಲ್ಲೂ ರಾಸ್ತೆ ಮನೆತನದವರ ಕಾಲದಲ್ಲಿ ಮಲ್ಹಾರಶಾಹಿ ರೂಪಾಯಿ ಅಚ್ಚಾಗುತ್ತಿತ್ತು.

ಈ ರೂಪಾಯಿಗಳು ಕೈಯಿಂದ ಆದವು. ಬೆಳ್ಳಿಯ ತುಂಡನ್ನು ತೂಕಕ್ಕೆ ಸರಿ ಮಾಡಿ, ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಹಾಗಾಗಿ ಅಚ್ಚಿನಲ್ಲಿದ್ದ ಬರಹವೆಲ್ಲ ಒಂದೇ ನಾಣ್ಯದ ಮೇಲೆ ಬೀಳುತ್ತಿರಲಿಲ್ಲ. ಒಂದರಲ್ಲಿ ಬಾದಶಹನ ಹೆಸರಿನ ಅರ್ಧ, ಇನ್ನೊಂದರಲ್ಲಿ ಊರ ಹೆಸರಿನ ಎರಡು ಅಕ್ಷರ.

ಇಂಥ ನಾಣ್ಯಕ್ಕೆ ಹೊಳಪು ಒಂದೇ ಅಳತೆಯಲ್ಲ. ಕಣ್ಣು ಕೋರೈಸುವ ರೂಪಾಯಿಯಲ್ಲಿ ಊರ ಹೆಸರೇ ಬಿದ್ದಿಲ್ಲದಿದ್ದರೆ ತಿಳಿದವರು ಅದನ್ನು ಪಕ್ಕಕ್ಕಿಡುತ್ತಾರೆ. ಅರ್ಧ ಸವೆದಿದ್ದರೂ 'ಗೋಕಾಕ' ಎಂದು ಓದಲು ಬಂದರೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಅಚ್ಚು ಸರಿಯಾಗಿ ಬೀಳದ ಜಾಗ ಒರಟಾಗಿಯೇ ಇರುತ್ತದೆ, ಕೈಗಳಲ್ಲಿ ಸವೆದ ಜಾಗ ನುಣುಪಾಗಿರುತ್ತದೆ. ಬೆರಳಾಡಿಸಿ, ಬೆಳಕಿಗೆ ಓರೆ ಹಿಡಿದು ನೋಡಿದರೆ ಎರಡಕ್ಕೂ ಇರುವ ಫರಕು ತಿಳಿಯುತ್ತದೆ.

ಹೊಸದಕ್ಕೆ ಹೆಚ್ಚು, ಹಳೆಯದಕ್ಕೆ ಕಡಿಮೆ

ಹೊಸ ನಾಣ್ಯದ ಮೋಹ ಸಂಗ್ರಾಹಕರಿಂದ ಹುಟ್ಟಿದ್ದಲ್ಲ. ಅದು ಬಜಾರದಲ್ಲೇ ಹುಟ್ಟಿದ್ದು.

ರೂಪಾಯಿ ಅಂದರೆ ಆಗ ಬೆಳ್ಳಿ. ಸವೆದರೆ ಬೆಳ್ಳಿ ಕಡಿಮೆ. ಅದಕ್ಕೇ ಸರಾಫರು ಹಳೇ ರೂಪಾಯಿಗೆ ಬಟ್ಟಾ ಕಡಿಯುತ್ತಿದ್ದರು. ನಮ್ಮ ಮಾತಿನಲ್ಲಿ ವಟ್ಟಾ. ಬಂಗಾಲದಲ್ಲಿ ಈ ಲೆಕ್ಕ ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ, ಆ ವರ್ಷವೇ ಅಚ್ಚಾದ 100 ಸಿಕ್ಕಾ ರೂಪಾಯಿಯನ್ನು ಲೆಕ್ಕದ ಪುಸ್ತಕದಲ್ಲಿ 116 ಎಂದು ಬರೆಯುತ್ತಿದ್ದರು. ಎರಡನೇ ವರ್ಷಕ್ಕೆ ಅದೇ ನೂರು 113. ಮೂರನೇ ವರ್ಷದಿಂದ 111. ನಾಣ್ಯ ನಿಜವಾಗಿ ಸವೆದಿರಲಿ ಬಿಡಲಿ, ಇಸವಿ ಹಳೆಯದಾದರೆ ಸಾಕು, ಬೆಲೆ ಇಳಿಯುತ್ತಿತ್ತು.

ಇದರ ಏಟು ಬೀಳುತ್ತಿದ್ದದ್ದು ರೈತನಿಗೆ, ನೇಕಾರನಿಗೆ. ಅವನ ಕೈಗೆ ಬರುವುದು ಹಳೇ ರೂಪಾಯಿ, ಅವನು ಕಂದಾಯ ಕಟ್ಟಬೇಕಾದದ್ದು ಹೊಸ ರೂಪಾಯಿ. ನಡುವಿನದು ಸರಾಫನ ಪಾಲು. ಈ ಗೊಂದಲ ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ ಒಂದು ಉಪಾಯ ಮಾಡಿತು. ಬಂಗಾಲದ ರೂಪಾಯಿಗಳ ಮೇಲೆ ಷಾ ಆಲಂ ಬಾದಶಹನ ಆಳ್ವಿಕೆಯ 19ನೇ ವರ್ಷವನ್ನೇ ವರ್ಷವರ್ಷವೂ ಅಚ್ಚು ಹಾಕಿತು. ಇಸವಿ ಬದಲಾಗದಿದ್ದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಕೇಳುವವರಿಲ್ಲ ಅನ್ನುವ ಲೆಕ್ಕ.

1835ರಲ್ಲಿ ಕಂಪನಿ ಆಡಳಿತದ ಎಲ್ಲ ಕಡೆಗೂ ಒಂದೇ ರೂಪಾಯಿ ಬಂತು. ಯಂತ್ರದ ಅಚ್ಚು, ತೂಕ ಒಂದು ತೊಲೆ ಅಂದರೆ 11.66 ಗ್ರಾಮ್. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಆಯಿಯ ಗಂಟಿನ ಎರಡೂ ರೂಪಾಯಿಗಳು ಇದೇ ಅಳತೆಯವು.

ಸವೆತಕ್ಕೂ ಕಾನೂನು ಬಂತು. 1906ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ತನ್ನ ತೂಕದಲ್ಲಿ ನೂರಕ್ಕೆ 2ರಷ್ಟು ಕಳೆದುಕೊಳ್ಳುವವರೆಗೆ ಪೂರ್ತಿ ರೂಪಾಯಿ. ಅಂದರೆ ಸುಮಾರು 0.23 ಗ್ರಾಮ್. ಅದಕ್ಕಿಂತ ಹೆಚ್ಚು ಸವೆದರೆ ಅದನ್ನು ಚಲಾವಣೆಗೆ ಒಪ್ಪಬೇಕೆಂದಿಲ್ಲ.

ನಾವು ಆಯಿಯ ಒಪ್ಪಿಗೆ ಪಡೆದು ಎರಡನ್ನೂ ಅದೇ ಊರಿನ ಪತ್ತಾರರ ತಕ್ಕಡಿಯಲ್ಲಿ ಇಟ್ಟು ನೋಡಿದೆವು. 1918ರದ್ದು 11.64 ಗ್ರಾಮ್. 1862ರದ್ದು 11.18. ಬೆಸುಗೆಯ ಕಲೆ ಅಂಟಿಕೊಂಡಿದ್ದರೂ ಅರ್ಧ ಗ್ರಾಮಿನಷ್ಟು ಬೆಳ್ಳಿ ಕಡಿಮೆ. ನೂರಕ್ಕೆ 4ರಷ್ಟು. ಆ ಕಾನೂನಿನ ಲೆಕ್ಕದಲ್ಲಿ ಅದು ರೂಪಾಯಿ ಆಗಿ ಉಳಿದೇ ಇರಲಿಲ್ಲ.

ಮನೆಯಲ್ಲಿ ಉಳಿದದ್ದು ಹೇಗೆ

ನಮ್ಮ ಕಿಸೆಯಲ್ಲಿ ಹರಿದ ನೋಟು, ಗರಿಗರಿ ನೋಟು ಎರಡೂ ಇದ್ದರೆ ಮೊದಲು ಯಾವುದನ್ನು ಕೊಡುತ್ತೇವೆ? ಹರಿದದ್ದನ್ನೇ. ಹಿಂದಿನವರೂ ಅದನ್ನೇ ಮಾಡಿದರು. ಸವೆದದ್ದು ಸಂತೆಗೆ ಹೋಯಿತು, ಹೊಸದು ಹಗೇವಿನ ಬುಡಕ್ಕೆ, ಗೋಡೆಯ ಗೂಡಿಗೆ ಹೋಯಿತು. ಇಂದು ಹೊಚ್ಚ ಹೊಸದರಂತೆ ಸಿಗುವ ಹಳೇ ರೂಪಾಯಿ ಬಹುತೇಕ ಹೀಗೆ ಬೇಗನೆ ಅಡಗಿಸಿಟ್ಟದ್ದು. ಅದು ಲೋಕ ನೋಡಿಲ್ಲ, ಆದ್ದರಿಂದ ಚೆನ್ನಾಗಿದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ಬರ ಬಂತು. 1940ರಲ್ಲಿ ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ಒಂದು ರೂಪಾಯಿ ನೋಟನ್ನೂ ಹೊರಡಿಸಿತು. ಆಮೇಲೆ 1941ರಿಂದ 1943ರೊಳಗೆ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ಹಳೇ ಬೆಳ್ಳಿ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆಯಿತು. ವಾಪಸ್ ಹೋದವು ಕರಗಿದವು. 1947ಕ್ಕೆ ರೂಪಾಯಿ ನಿಕ್ಕಲಿನದಾಯಿತು.

ಅಂದರೆ ಇವತ್ತು ನಮ್ಮ ಮನೆಗಳಲ್ಲಿರುವ ಪ್ರತಿ ಬಂದಾ ರೂಪಾಯಿಯೂ ಯಾರೋ ಒಬ್ಬರು ಇದನ್ನು ಕೊಡುವುದಿಲ್ಲ ಎಂದು ಹಿಡಿದಿಟ್ಟುಕೊಂಡದ್ದು. ಬಹಳ ಮನೆಗಳಲ್ಲಿ ಹಾಗೆ ಹಿಡಿದಿಟ್ಟವರು ಹೆಂಗಸರು.

ಹೊಸದರಂತೆ ಇರುವುದು ಏನು ಹೇಳುತ್ತದೆ

ಹೊಳೆಯುವ ನಾಣ್ಯ ಬೇಕೆನ್ನುವವರನ್ನು ಬರೀ ಶೋಕಿಯವರು ಅನ್ನುವಂತಿಲ್ಲ. ಅವರ ಮಾತಿನಲ್ಲೂ ಹುರುಳಿದೆ.

1862ರ ರೂಪಾಯಿಯನ್ನೇ ನೋಡಿ. ಅದರ ಮೇಲೆ 1862 ಎಂದಿದ್ದರೂ ಅದು ಅದೇ ವರ್ಷದ್ದು ಆಗಬೇಕಿಲ್ಲ. ಅದೇ ಇಸವಿ ಹಾಕಿ 1874ರವರೆಗೂ ಅಚ್ಚು ಮಾಡಿದರು. ಮುಂಬಯಿ ಟಂಕಸಾಲೆಯಲ್ಲಿ ವರ್ಷ ಗೊತ್ತಾಗಲೆಂದು ಸಣ್ಣ ಸಣ್ಣ ಚುಕ್ಕೆ ಇಟ್ಟರು. ಸಾಸಿವೆಗಿಂತ ಸಣ್ಣ ಆ ಚುಕ್ಕೆಗಳನ್ನು ಎಣಿಸಿ ನಾಣ್ಯ ಬಲ್ಲವರು ನಿಜವಾದ ವರ್ಷ ಹೇಳುತ್ತಾರೆ. ಆಯಿಯ ರೂಪಾಯಿಯಲ್ಲಿ ಚುಕ್ಕೆ ಇತ್ತೋ ಇಲ್ಲವೋ, ಈಗ ಯಾರಿಂದಲೂ ಹೇಳಲಾಗದು.

1911ರ ರೂಪಾಯಿಯದ್ದು ಇನ್ನೊಂದು ಕತೆ. ಅದರಲ್ಲಿ ಜಾರ್ಜ್ ರಾಜನ ಎದೆಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡವಾಗಿ ಅದು ಹಂದಿಯ ಹಾಗೆ ಕಂಡಿತು. ಜನ ಸಿಟ್ಟಾದರು, ಮುಸ್ಲಿಮರಿಗೆ ವಿಶೇಷವಾಗಿ ನೋವಾಯಿತು. ಸರಕಾರ ಆ ರೂಪಾಯಿಗಳನ್ನು ಹಿಂದಕ್ಕೆ ಪಡೆದು ಹೆಚ್ಚಿನವನ್ನು ಕರಗಿಸಿ, 1912ರಲ್ಲಿ ಸೊಂಡಿಲು ತಿದ್ದಿದ ಆನೆ ತಂದಿತು. ಅದಕ್ಕೆ ಇಂದಿಗೂ 'ಪಿಗ್ ರುಪಿ' ಎಂಬ ಹೆಸರು. ಸವೆದ 1911ರ ರೂಪಾಯಿಯಲ್ಲಿ ಇಸವಿ ಉಳಿದಿರುತ್ತದೆ, ಜಗಳಕ್ಕೆ ಕಾರಣವಾದ ಪ್ರಾಣಿ ಮಾತ್ರ ಅಳಿಸಿ ಹೋಗಿರುತ್ತದೆ. ಟಂಕಸಾಲೆಯಲ್ಲಿ ಏನು ನಡೆಯಿತು ಎಂದು ತಿಳಿಯಬೇಕಾದರೆ ಸವೆಯದ ನಾಣ್ಯವೇ ಬೇಕು.

ಇಂಥ ಸವೆತವನ್ನು ಅಳೆಯಲು 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಒಂದು ಏಣಿ ಮಾಡಿದ. ಮೊದಲು ಅದು ಅಮೆರಿಕದ ಹಳೇ ತಾಮ್ರದ ಸೆಂಟುಗಳಿಗೆ ಮಾತ್ರ ಇತ್ತು. 1 ಅಂದರೆ ಯಾವ ನಾಣ್ಯ ಎಂದು ಗುರುತು ಸಿಗುವಷ್ಟೇ ಉಳಿದದ್ದು, 70 ಅಂದರೆ ಒಂದೂ ಕಲೆ ಇಲ್ಲದ್ದು. 1ರ ನಾಣ್ಯಕ್ಕೆ ಒಂದು ಬೆಲೆಯಾದರೆ 70ರದ್ದಕ್ಕೆ ಎಪ್ಪತ್ತು ಪಟ್ಟು ಎಂಬ ಲೆಕ್ಕ. ಆ ಬೆಲೆಯ ಲೆಕ್ಕ ಮುಂದೆ ನಿಲ್ಲಲಿಲ್ಲ, ಏಣಿ ಮಾತ್ರ ಲೋಕವೆಲ್ಲ ಹರಡಿತು. 1986ರಿಂದೀಚೆಗೆ ಕಂಪನಿಗಳು ನಾಣ್ಯಕ್ಕೆ ಈ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಕೊಡುತ್ತಿವೆ. ನಮ್ಮ ದೇಶದ ರೂಪಾಯಿಗಳೂ ಹೀಗೆ ಡಬ್ಬಿ ಸೇರುತ್ತವೆ.

ಈ ಲೋಕದ ಮಾತು ಗೊತ್ತಿಲ್ಲದವರು ಮೋಸ ಹೋಗುತ್ತಾರೆ. ಅಲ್ಲಿ 'ಗುಡ್' ಅಂದರೆ ಚೆನ್ನಾಗಿದೆ ಎಂದಲ್ಲ, ಬಹಳ ಸವೆದಿದೆ ಎಂದು. 'ಫೈನ್' ಅಂದರೆ ನಡುಮಧ್ಯ. ಯಾರಾದರೂ ನಿಮ್ಮ ನಾಣ್ಯ ಗುಡ್ ಅಂದರೆ ಹಿಗ್ಗಬೇಡಿ.

ಇನ್ನೊಂದು ಮಜಾ ಇದೆ. ಅದೇ ಅಮೆರಿಕದಲ್ಲಿ ಏಣಿಯ ಕೊನೆಯ ಮೆಟ್ಟಿಲಿನ ನಾಣ್ಯಗಳನ್ನೇ ಹುಡುಕಿ ಕೂಡಿಡುವವರೂ ಇದ್ದಾರೆ. ಆ ಸಂಗ್ರಹಕ್ಕೆ 'ಲೋಬಾಲ್' ಎನ್ನುತ್ತಾರೆ. ಪೂರ್ತಿ ಸವೆದೂ ಏಟು ಬೀಳದೆ, ತೂತಾಗದೆ, ಯಾವ ನಾಣ್ಯ ಎಂದು ಗುರುತು ಸಿಗುವಂತೆ ಉಳಿದದ್ದು ಸಿಗುವುದು ಕಷ್ಟ ಎಂದು ಅವರಿಗೆ ಅದರ ಮೇಲೆ ಪ್ರೀತಿ.

ಸವೆದದ್ದು ಏನು ಹೇಳುತ್ತದೆ

ಸವೆದದ್ದಕ್ಕೆ ಟಂಕಸಾಲೆಯ ನೆನಪಿಲ್ಲ, ಜನರ ನೆನಪಿದೆ.

ಕೆಲವು ರೂಪಾಯಿಗಳ ಮೇಲೆ ಸಣ್ಣ ಉಳಿಯ ಗುರುತು, ಚುಕ್ಕೆ, ಚಂದ್ರ, ಹೂವಿನ ಮುದ್ರೆ ಇರುತ್ತವೆ. ಅದು ಸರಾಫರು ಒಳಗೆ ಬೆಳ್ಳಿಯೇ ಇದೆಯೇ ಎಂದು ನೋಡಿದ ಗುರುತು. ಅಂಕ ಕೊಡುವವರ ಕಣ್ಣಿಗೆ ಅದು ಕುಂದು. ಇತಿಹಾಸ ಓದುವವರಿಗೆ ಅದು ಈ ರೂಪಾಯಿ ಒಂದು ಅಂಗಡಿಯ ಕಟ್ಟೆ ಹತ್ತಿ ಇಳಿದಿದೆ ಎಂಬುದಕ್ಕೆ ಸಾಕ್ಷಿ.

ಕೊಂಡಿಯ ಕಲೆಯೂ ಹಾಗೇ. ನಾಣ್ಯವನ್ನು ಕೊರಳಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ರೋಮ್ ಮತ್ತು ಬೈಜಾಂಟಿಯಂ ರಾಜ್ಯಗಳ ಬಂಗಾರದ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಕ್ಕ ಅಂಥ ಬೈಜಾಂಟಿಯನ್ ನಾಣ್ಯಗಳಲ್ಲಿ ಕೆಲವಕ್ಕೆ ರಾಜನ ತಲೆಯ ಮೇಲ್ಗಡೆ ಜೋಡಿ ತೂತುಗಳಿವೆ. ಪೋಣಿಸಿ ಹಾಕಿಕೊಳ್ಳಲು, ಮುಖ ನೆಟ್ಟಗೆ ನಿಲ್ಲಲು ಮಾಡಿದ್ದು. ಒಂದೂವರೆ ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದ ದುಡ್ಡನ್ನೂ ನಮ್ಮವರು ಒಡವೆ ಮಾಡಿದರು. ಆ ತೂತು ಇಲ್ಲದಿದ್ದರೆ ನಮಗೆ ಆ ವಿಷಯವೇ ತಿಳಿಯುತ್ತಿರಲಿಲ್ಲ.

ಆಯಿಯ ರೂಪಾಯಿಗೂ ಅಂಥದ್ದೇ ಕತೆ. ನಾವು ಕೇಳಿದ ಮೇಲೆ ಹೇಳಿದರು.

"ನಮ್ಮ ಅತ್ತಿ ಕೊರಳಾಗ ಇಂಥಾವ ಏಳ ಇದ್ದೂ. ಎಪ್ಪತ್ತೆರಡರ ಬರದಾಗ ಜೋಳಕ್ಕ ಒಂದೊಂದ ಬಿಚ್ಚಿ ಬಿಚ್ಚಿ ಕೊಟ್ಟಳು. ಕಡೀಕ ಇದೊಂದ ಉಳೀತು. ಇದರ ಕೊಂಡಿ ಮೊದಲ ಮುರದಿತ್ತು, ಅದಕ್ಕ ಸರಾಫ ಕಡಿಮಿ ಕೇಳಿದ. ಸಿಟ್ಟು ಬಂದು ವಾಪಸ್ ತಂದಳು."

ಸೊಸೆಯ ಉಡಿ ತುಂಬುವಾಗ ಅತ್ತೆ ಅದನ್ನು ಉಡಿಯಲ್ಲಿ ಹಾಕಿದಳಂತೆ. ಅಲ್ಲಿಂದ ಪ್ರತಿ ದೀಪಾವಳಿಗೆ ಲಕ್ಷ್ಮೀ ಪೂಜೆಯಲ್ಲಿ ಅದು ಕೂರುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ನುಗ್ಗಿದಾಗ ಮನೆಯ ಹಿಂದಿನ ಗೋಡೆ ಬಿತ್ತು, ಕಾಗದಪತ್ರದ ಟ್ರಂಕು ನೀರುಪಾಲಾಯಿತು. ಆಯಿ ಈ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಜಿ ಕೇಂದ್ರಕ್ಕೆ ಹೋಗಿದ್ದರು.

ತಕ್ಕಡಿಯಲ್ಲಿ ಕಾಣದ ಆ ಅರ್ಧ ಗ್ರಾಮ್ ಬೆಳ್ಳಿ ಸಂತೆಗಳಲ್ಲಿ, ಅತ್ತೆಯ ಸೀರೆಯ ಸೆರಗಿಗೆ ತಾಗಿ, ಆಯಿಯ ಹೆಬ್ಬೆರಳಿಗೆ ತಿಕ್ಕಿ ಹೋಗಿದೆ. ನಾವು ಮಾತಾಡುವಾಗಲೂ ಅವರ ಹೆಬ್ಬೆರಳು ಅದರ ಮೇಲೇ ಆಡುತ್ತಿತ್ತು.

ಹುಣಸೆಹಣ್ಣಿನ ಬಟ್ಟಲು

ಸವೆದದ್ದು, ಸವೆಯದ್ದು ಎರಡಕ್ಕೂ ಸಾಕ್ಷಿ ಹೇಳಲು ಬರುತ್ತದೆ. ತಿಕ್ಕಿ ಬೆಳಗಿದ ನಾಣ್ಯಕ್ಕೆ ಎರಡೂ ಬರುವುದಿಲ್ಲ.

ಹುಣಸೆ, ಬೂದಿ, ನಿಂಬೆರಸ, ಹಲ್ಲಿನ ಪೇಸ್ಟ್ ಹಾಕಿ ತಿಕ್ಕಿದರೆ ಮೇಲಿನ ಪದರ ಕಿತ್ತು ಬರುತ್ತದೆ. ಗೀರು ಬೀಳುತ್ತದೆ. ಕಣ್ಣಿಗೆ ಹೊಳೆಯುತ್ತದೆ, ಆದರೆ ಆ ಹೊಳಪು ಟಂಕಸಾಲೆಯದಲ್ಲ ಎಂದು ಬಲ್ಲವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಚೆನ್ನಾಗಿದ್ದ ನಾಣ್ಯದ ಬೆಲೆ ಅಲ್ಲಿಗೆ ಇಳಿಯಿತು. ಹಳೇ ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಅದು ಕಾಲದಿಂದ ಬಂದ ಬಣ್ಣ. ಅದನ್ನು ಇರಲು ಬಿಡಿ.

ಮನೆಯಲ್ಲಿ ಹಳೇ ನಾಣ್ಯ ಇರುವವರು ಇಷ್ಟು ಮಾಡಿದರೆ ಸಾಕು:

- ಅಂಚು ಹಿಡಿದು ಎತ್ತಿ. ಮುಖಕ್ಕೆ ಬೆರಳು ತಾಗಿಸಬೇಡಿ.
- ಒಣ ಕಾಗದದ ಪಾಕೀಟಿನಲ್ಲಿ ಒಂದೊಂದನ್ನೇ ಬೇರೆ ಬೇರೆ ಇಡಿ. ಮೆತ್ತನೆಯ ಪಿವಿಸಿ ಕವರ್ ಬೇಡ, ಅದರಿಂದ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ.
- ಮಾರುವ ಮುಂಚೆ ತೂಕ ಮಾಡಿಸಿ, ಇಸವಿ ನೋಡಿ, ಇಬ್ಬರು ಮೂವರ ಹತ್ತಿರ ಕೇಳಿ. ಬಹಳ ಸಿಗುವ ವರ್ಷದ ಸವೆದ ರೂಪಾಯಿಗೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯೇ ಬರುತ್ತದೆ, ಲಕ್ಷವಲ್ಲ.
- ಮಾರುವವರಿಂದಲೇ ಮೊದಲು ಫೀ ಕೇಳುವವರು ಕೊಳ್ಳುವವರಲ್ಲ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯಕ್ಕೆ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.
- ಹೊಲದಲ್ಲಿ, ಪಾಯ ತೆಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಹಂಚಿಕೊಳ್ಳಬೇಡಿ. ಅದಕ್ಕೆ ನಿಧಿಯ ಕಾನೂನಿದೆ, ಆಡಳಿತಕ್ಕೆ ತಿಳಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅದು ಯಾರದು, ಎಲ್ಲಿಂದ ಬಂತು, ಯಾವಾಗ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ಯಾಕೆಂದರೆ ಕತೆ ಹೇಳುವವರು ಹೋದ ಮರುದಿನ ಸವೆದ ರೂಪಾಯಿ ಬರೀ ಬೆಳ್ಳಿ. ಹೊಳೆಯುವ ನಾಣ್ಯದ ಮೇಲೆ ಅದರ ಇತಿಹಾಸ ಅಚ್ಚಾಗಿರುತ್ತದೆ, ಕೊಂಡವನು ಪುಸ್ತಕ ನೋಡಿ ಓದಿಕೊಳ್ಳಬಹುದು. ಸವೆದದ್ದರ ಇತಿಹಾಸ ಇರುವುದು ಮನುಷ್ಯರ ಬಾಯಲ್ಲಿ. ನಮ್ಮ ಕಡೆ ಎಷ್ಟೋ ಬಂದಾ ರೂಪಾಯಿಗಳು ಕರಗಿ ಕಾಲ್ಗೆಜ್ಜೆ ಆಗಿವೆ. ಅವು ಯಾರ ಕೊರಳಲ್ಲಿದ್ದವು, ಯಾವ ಬರಕ್ಕೆ ಬಿಚ್ಚಿದವು ಎಂದು ಯಾರೂ ಬರೆದಿಡಲಿಲ್ಲ.

ನಾವು ಹೊರಡುವಾಗ ಹುಡುಗ ಆ ನಂಬರನ್ನು ಬ್ಲಾಕ್ ಮಾಡಿದ. 1918ರದ್ದನ್ನು ಏನು ಮಾಡಬೇಕೆಂದು ಮನೆಯವರು ಇನ್ನೂ ಮಾತಾಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಹಿಂದಿನ ಗೋಡೆ ಎಬ್ಬಿಸಬೇಕು, ಮಾರಿದರೂ ತಪ್ಪಿಲ್ಲ. ತಿಕ್ಕದೆ ಮಾರಿ, ಬೆಲೆ ತಿಳಿದು ಮಾರಿ ಎಂದಷ್ಟೇ ಹೇಳಿದೆವು.

ಇನ್ನೊಂದಕ್ಕೆ ಅವನು ತನ್ನ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದ. ಆಯಿ ಹೇಳುತ್ತ ಹೋದರು, ಅವನು ಬರೆಯುತ್ತ ಹೋದ. ಅತ್ತೆಯ ಹೆಸರು, ತವರೂರು, ಏಳು ರೂಪಾಯಿ, ಎಪ್ಪತ್ತೆರಡರ ಬರ. ನಡುವೆ ನಿಲ್ಲಿಸಿ ಕೇಳಿದ, "ಆಯಿ, ಆ ಉಳಿದ ಆರು ಯಾರಿಗೆ ಕೊಟ್ಟಳು?"

ಆಯಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ಹುಣಸೆಹಣ್ಣು ರಾತ್ರಿ ಸಾರಿಗೆ ಹೋಯಿತು.